ಕ್ಯಾಶ್ ಬುಕ್ ಮೇಲೆ ಮಸಿ

ಭಾಗ 1 | ಈ ಪುಟ ಖಾಲಿ ಇರಲಿಲ್ಲ

ಈ ಸಲದ ಸರಣಿ ಮುಖ್ಯವಾಗಿ ನನ್ನ ಕಾಮರ್ಸ್ ಗೆಳೆಯರಿಗೆ. ಆರ್ಟ್ಸ್‌ನವರೂ ಬನ್ನಿ, ಜಾಗ ಇದೆ. ಸ್ವಲ್ಪ ಉದ್ದ ಆಗುತ್ತೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಒಂದು ಹಳೇ ಕ್ಯಾಶ್ ಬುಕ್ ಕಲ್ಪಿಸಿಕೊಳ್ಳಿ. ಉದ್ದುದ್ದ ಗೆರೆ, ಕಾಲಮ್ಮುಗಳು, ಗುಮಾಸ್ತನೊಬ್ಬನ ಅಚ್ಚುಕಟ್ಟಾದ ಓರೆ ಅಕ್ಷರ, ಪೌಂಡ್-ಶಿಲ್ಲಿಂಗ್-ಪೆನ್ಸ್ ಲೆಕ್ಕ. ಬರೆದದ್ದು 1906ರಲ್ಲಿ. ನೂರು ವರ್ಷ ಕಳೆದ ಮೇಲೆ ಅದೇ ಪುಟಗಳ ಮೇಲೆ ಒಬ್ಬ ಕಲಾವಿದ ಕೂತು ಚಿತ್ರ ಬಿಡಿಸಿದ್ದಾನೆ. ಒಣಗಿದ ಬಯಲು, ಗಣಿಯ ಮಣ್ಣಿನ ದಿಬ್ಬ, ಕಂಬಗಳು. ಚಿತ್ರದ ಕೆಳಗಿಂದ ಅಂಕಿಗಳು ಇಣುಕ್ತಾನೇ ಇರ್ತವೆ. ಯಾವುದೂ ಪೂರ್ತಿ ಮುಚ್ಚಿಲ್ಲ.

ಆ ಪುಸ್ತಕ ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಪ್ರೊಪ್ರೈಟರಿ ಮೈನ್ಸ್ ಅನ್ನೋ ಚಿನ್ನದ ಗಣಿ ಕಂಪನಿಯದು. ಕಲಾವಿದ ವಿಲಿಯಂ ಕೆಂಟ್ರಿಜ್. ಹುಟ್ಟಿದ್ದು 1955ರಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ಈಗಲೂ ಅದೇ ಊರಲ್ಲೇ ಕೆಲಸ. ಮಾನವಶಾಸ್ತ್ರಜ್ಞೆ ರೊಸಲಿಂಡ್ ಮಾರಿಸ್ ಅದೇ ಕ್ಯಾಶ್ ಬುಕ್ಕಿನ ಎಂಟ್ರಿಗಳನ್ನ ಓದಿ ಓದಿ ಬರಹ ಬರೆದರು. ಚಿತ್ರ, ಬರಹ ಎರಡೂ ಸೇರಿ 2015ರಲ್ಲಿ ಪುಸ್ತಕವಾಯ್ತು. ಪ್ರಕಟಿಸಿದ್ದು ಯಾರು ಗೊತ್ತಾ? ನಮ್ಮ ಕೋಲ್ಕತ್ತಾದ ಸೀಗಲ್ ಬುಕ್ಸ್.

ಚಿತ್ರಗಳಿಗೆ ಹಕ್ಕುಸ್ವಾಮ್ಯ ಇರೋದ್ರಿಂದ ನಾನು ಇಲ್ಲಿ ಹಾಕಿಲ್ಲ. ಹೆಸರು ಹಾಕಿ ಹುಡುಕಿ, ಸಿಗುತ್ತೆ. ನೋಡ್ಕೊಂಡು ಬಂದು ಮುಂದೆ ಓದಿದ್ರೆ ಇನ್ನೂ ಒಳ್ಳೇದು.

ನನ್ನ ಪ್ರಶ್ನೆ ಇಷ್ಟೇ. ಹೊಸ ಡ್ರಾಯಿಂಗ್ ಶೀಟ್ ಎಲ್ಲ ಕಡೆ ಸಿಗುತ್ತೆ. ಹಾಗಿದ್ರೂ ಲೆಕ್ಕ ಬರೆದ ಪುಟವೇ ಯಾಕೆ ಬೇಕಾಯ್ತು?

ಭಾಗ 2 | ರೇಟು ಫಿಕ್ಸ್, ಕೂಲಿ ಕಟ್

ಮೊದಲು 1906ರ ಜೋಹಾನ್ಸ್‌ಬರ್ಗ್‌ಗೆ ಹೋಗೋಣ.

ಅಲ್ಲಿ ಚಿನ್ನದ ನಿಕ್ಷೇಪ ಸಿಕ್ಕಿದ್ದು 1886ರಲ್ಲಿ. ಅದೇ ವರ್ಷ ಊರೂ ಹುಟ್ಟಿತು. ನದಿ ಇಲ್ಲ, ಬಂದರಿಲ್ಲ, ಚಿನ್ನ ಬಿಟ್ಟರೆ ಅಲ್ಲಿ ಊರು ಕಟ್ಟೋಕೆ ಬೇರೆ ಕಾರಣವೇ ಇರಲಿಲ್ಲ. ಆದರೆ ಆ ಚಿನ್ನ ಸುಲಭದ್ದಲ್ಲ. ಆಳದಲ್ಲಿದೆ, ಕಲ್ಲಿನಲ್ಲಿ ಕಣಕಣವಾಗಿ ಹರಡಿದೆ. ರಾಶಿ ರಾಶಿ ಕಲ್ಲು ಅಗೆದು ಪುಡಿ ಮಾಡಿದ್ರೆ ಸ್ವಲ್ಪ ಚಿನ್ನ.

ಈಗ ನಮ್ಮ ಸಬ್ಜೆಕ್ಟಿಗೆ ಬನ್ನಿ. ಯಾವುದೇ ವ್ಯಾಪಾರಿಗೆ ಖರ್ಚು ಜಾಸ್ತಿ ಆದ್ರೆ ಏನ್ಮಾಡ್ತಾನೆ? ಮಾಲಿನ ರೇಟು ಏರಿಸ್ತಾನೆ. ಗಣಿ ಮಾಲೀಕರಿಗೆ ಆ ದಾರಿ ಮುಚ್ಚಿತ್ತು. ಆಗ ಬ್ರಿಟನ್ನಿನ ಹಣವೇ ಚಿನ್ನಕ್ಕೆ ಕಟ್ಟಿಹಾಕಿದ್ದು, ಹಾಗಾಗಿ ಚಿನ್ನದ ಬೆಲೆ ನಿಗದಿ. ಮಾರಾಟದ ಬೆಲೆ ಕೈಯಲ್ಲಿಲ್ಲ ಅಂದ್ರೆ ಲಾಭ ಬರೋಕೆ ಉಳಿಯೋದು ಒಂದೇ: ಖರ್ಚು ಕಡಿತ. ಯಂತ್ರ, ಕಲ್ಲಿದ್ದಲು, ಡೈನಮೈಟ್ ಇವುಗಳ ಬೆಲೆ ಅಷ್ಟು ಸುಲಭವಾಗಿ ಇಳಿಯಲ್ಲ. ಇಳಿಸೋಕೆ ಆಗೋದು ಕರಿಯ ಕಾರ್ಮಿಕರ ಕೂಲಿ.

1899ರಿಂದ 1902ರ ತನಕ ಅಲ್ಲಿ ಬ್ರಿಟಿಷರಿಗೂ ಬೋಯರ್‌ಗಳಿಗೂ ಯುದ್ಧ. ಅದು ಮುಗಿಯೋ ಹೊತ್ತಿಗೆ ಮಾಲೀಕರು ಕೂಲಿ ಇಳಿಸಿದ್ದರು. ಆಫ್ರಿಕನ್ ಕಾರ್ಮಿಕರು ಸಾಕಷ್ಟು ಸಂಖ್ಯೆಯಲ್ಲಿ ವಾಪಸ್ ಬರಲಿಲ್ಲ. ಆಗ ಕೂಲಿ ಏರಿಸೋ ಬದಲು ಮಾಲೀಕರು ಮಾಡಿದ್ದೇನು? 1904ರಿಂದ ಚೀನಾದಿಂದ ಹಡಗು ತರಿಸಿದರು. ಒಟ್ಟು 63 ಸಾವಿರಕ್ಕೂ ಹೆಚ್ಚು ಜನ. ಮೂರು ವರ್ಷದ ಕರಾರು, ಕೌಶಲದ ಕೆಲಸಗಳಿಗೆ ಪ್ರವೇಶ ಇಲ್ಲ, ವಾಸ ಗಣಿಯ ಕಾಂಪೌಂಡಿನೊಳಗೆ, ಅವಧಿ ಮುಗಿದ ಮೇಲೆ ಊರಿಗೆ ವಾಪಸ್. 1910ರ ಹೊತ್ತಿಗೆ ಎಲ್ಲರನ್ನೂ ಕಳಿಸಿಯಾಗಿತ್ತು. ‘ಚೀನೀ ಗುಲಾಮಗಿರಿ’ ಅನ್ನೋದು 1906ರ ಬ್ರಿಟನ್ ಚುನಾವಣೆಯಲ್ಲೇ ದೊಡ್ಡ ಗಲಾಟೆಯಾಯ್ತು.

ಅದೇ 1906ರ ಸೆಪ್ಟೆಂಬರ್ 11ರಂದು ಅದೇ ಊರಿನ ಎಂಪೈರ್ ಥಿಯೇಟರ್‌ನಲ್ಲಿ ಭಾರತೀಯರು ಸಭೆ ಸೇರಿದ್ರು. ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ರಿಜಿಸ್ಟರ್ ಮಾಡಿಸ್ಕೋಬೇಕು ಅನ್ನೋ ಕಾನೂನನ್ನ ಒಪ್ಪಲ್ಲ ಅಂತ ಪ್ರತಿಜ್ಞೆ ಮಾಡಿದ್ರು. ಸಭೆಯಲ್ಲಿ ಗಾಂಧಿ ಇದ್ದರು. ಮುಂದೆ ಸತ್ಯಾಗ್ರಹ ಅಂತ ನಾವು ಓದೋದು ಅಲ್ಲಿಂದ ಶುರು.

ಒಂದೇ ಊರು, ಒಂದೇ ವರ್ಷ. ಒಂದು ಕಡೆ ಜನ ನಮ್ಮನ್ನ ಹೀಗೆ ಪುಸ್ತಕದಲ್ಲಿ ಬರ್ಕೋಬೇಡಿ ಅಂತಿದ್ದಾರೆ. ಇನ್ನೊಂದು ಕಡೆ ಗುಮಾಸ್ತ ತನ್ನ ಪಾಡಿಗೆ ಕ್ಯಾಶ್ ಬುಕ್ ಬರೀತಿದ್ದಾನೆ.

ಭಾಗ 3 | ಮನುಷ್ಯ ಯಾವ ಖಾತೆಗೆ ಸೇರ್ತಾನೆ?

ಫಸ್ಟ್ ಸೆಮ್ ನೆನಪಿದೆಯಾ? ಮೂರು ಥರ ಖಾತೆ: ಪರ್ಸನಲ್, ರಿಯಲ್, ನಾಮಿನಲ್. ಬಾಯಿಪಾಠ ಮಾಡಿದ್ದೇ ಮಾಡಿದ್ದು.

ಕೂಲಿ ಯಾವುದಕ್ಕೆ ಬರುತ್ತೆ? ನಾಮಿನಲ್. ಖರ್ಚು, ನಷ್ಟ ಎಲ್ಲ ಡೆಬಿಟ್. ಅಂದ್ರೆ ಒಬ್ಬ ಮನುಷ್ಯ ದಿನಪೂರ್ತಿ ನೆಲದಡಿ ಮಾಡಿದ ಕೆಲಸ ನಷ್ಟದ ಪಕ್ಕದಲ್ಲೇ ಕೂರುತ್ತೆ. ಬಡ್ಡಿ, ಬಾಡಿಗೆ, ಬೆಂಕಿ ಬಿದ್ದು ಸುಟ್ಟುಹೋದ ಸರಕು, ಕೂಲಿ. ಎಲ್ಲ ಒಂದೇ ಬೆಂಚು.

ಪರ್ಸನಲ್ ಖಾತೆಗೆ ಕೂಲಿ ಬರೋದು ಯಾವಾಗ? ಕೊಡೋದು ಬಾಕಿ ಇದ್ದಾಗ ಮಾತ್ರ. ಆಗಲೂ ಕೂಲಿಕಾರನ ಹೆಸರಲ್ಲ, ‘ಔಟ್‌ಸ್ಟ್ಯಾಂಡಿಂಗ್ ವೇಜಸ್’. ಪುಸ್ತಕದಲ್ಲಿ ಅದಕ್ಕೆ ರೆಪ್ರೆಸೆಂಟೇಟಿವ್ ಪರ್ಸನಲ್ ಅಕೌಂಟ್ ಅಂತಾರೆ. ನೂರು ಜನ ಇರಲಿ, ಸಾವಿರ ಜನ ಇರಲಿ, ಎಲ್ಲರ ಪರವಾಗಿ ಒಂದೇ ಸಾಲು. ಬಾಕಿ ತೀರಿದ ದಿನ ಆ ಸಾಲೂ ಮಾಯ.

ನಾನು ಅಕೌಂಟೆನ್ಸಿಯನ್ನ ಬೈತಿಲ್ಲ. ಅದೇ ನನ್ನ ಓದು, ನಾಳೆ ಅದೇ ನನ್ನ ಅನ್ನ. ಡಬಲ್ ಎಂಟ್ರಿ ಅಚ್ಚುಕಟ್ಟಾದ ವಿದ್ಯೆ. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಚೋಲಿ ತನ್ನ ಗಣಿತದ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಪದ್ಧತಿ ಇವತ್ತಿಗೂ ಟ್ಯಾಲಿ ಸಾಫ್ಟ್‌ವೇರ್ ಒಳಗೆ ಉಸಿರಾಡ್ತಿದೆ. ಕಳ್ಳ ಲೆಕ್ಕ ಹಿಡಿಯೋಕೆ, ಬಾಕಿ ವಸೂಲಿ ಮಾಡೋಕೆ ಅದು ಬೇಕೇ ಬೇಕು. ಆದರೆ ಅದು ದುಡ್ಡಿನ ದಾರಿಯನ್ನ ತೋರಿಸುತ್ತೆ, ದುಡಿದವನ ದಾರಿಯನ್ನಲ್ಲ. ಎರಡೂ ಕಡೆ ಮೊತ್ತ ಸರಿಹೊಂದಿದ ತಕ್ಷಣ ಲೆಕ್ಕ ಮುಗೀತು ಅಂತ ನಮಗೆ ಅನ್ನಿಸಿಬಿಡುತ್ತೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ತಪ್ಪೇ ಇಲ್ಲ ಅಂತಲ್ಲ. ಇದನ್ನೂ ಫಸ್ಟ್ ಸೆಮ್‌ನಲ್ಲೇ ಹೇಳಿಕೊಟ್ಟಿದ್ದಾರೆ. ಪೂರ್ತಿ ಬಿಟ್ಟುಹೋದ ಎಂಟ್ರಿಯನ್ನ ಟ್ರಯಲ್ ಬ್ಯಾಲೆನ್ಸ್ ಹಿಡಿಯಲ್ಲ. ‘ಎರರ್ ಆಫ್ ಒಮಿಷನ್’. ಕೆಂಟ್ರಿಜ್ ಚಿತ್ರ ನೋಡುವಾಗ ನನಗೆ ನೆನಪಾದದ್ದು ಈ ಎರಡು ಅಂಕದ ಪ್ರಶ್ನೆ.

ಭಾಗ 4 | ಹಳದಿ ಡಬ್ಬಿ

ಕೆಂಟ್ರಿಜ್ ಯಾರ ಮನೆಯ ಹುಡುಗ ಅಂತ ತಿಳ್ಕೊಂಡ್ರೆ ಚಿತ್ರ ಇನ್ನಷ್ಟು ಬಿಚ್ಚಿಕೊಳ್ಳುತ್ತೆ.

ಅಪ್ಪ ಸಿಡ್ನಿ ಕೆಂಟ್ರಿಜ್, ಅಮ್ಮ ಫೆಲಿಸಿಯಾ ಕೆಂಟ್ರಿಜ್. ಇಬ್ಬರೂ ವಕೀಲರು, ಇಬ್ಬರೂ ವರ್ಣಭೇದ ನೀತಿಯ ವಿರುದ್ಧ ಕೋರ್ಟಿನಲ್ಲಿ ನಿಂತವರು. 1956ರ ಡಿಸೆಂಬರ್‌ನಲ್ಲಿ ಸರ್ಕಾರ 156 ಜನರ ಮೇಲೆ ರಾಜದ್ರೋಹದ ಕೇಸು ಹಾಕಿತು. ನೆಲ್ಸನ್ ಮಂಡೇಲಾ ಅವರಲ್ಲೊಬ್ಬರು. ಸಿಡ್ನಿ ಆರೋಪಿಗಳ ಪರ ವಕೀಲರ ತಂಡದಲ್ಲಿದ್ದರು. 1961ರ ಮಾರ್ಚ್‌ನಲ್ಲಿ ಕೇಸು ಬಿದ್ದುಹೋಗಿ ಕೊನೆಯವರೆಗೂ ಕಟಕಟೆಯಲ್ಲಿದ್ದವರೆಲ್ಲ ಖುಲಾಸೆಯಾದರು.

ಆ ಕೇಸಿನ ಹೆಸರು ‘ಟ್ರೀಸನ್ ಟ್ರಯಲ್’. ಪುಟ್ಟ ವಿಲಿಯಂ ಕಿವಿಗೆ ಅದು ‘ಟ್ರೀಸ್ ಅಂಡ್ ಟೈಲ್’ ಅಂತ ಕೇಳಿಸ್ತಿತ್ತಂತೆ. ಮನೆಯಲ್ಲಿ ಮರಗಳಿದ್ವು, ಟೈಲ್ಸ್ ಕೂರಿಸಿದ ಮೇಜೂ ಇತ್ತು. ಅಪ್ಪ ದಿನಾ ಅದಕ್ಕೇ ಹೋಗ್ತಾರೆ ಅಂದ್ಕೊಂಡಿದ್ದ. ಈ ಮರವನ್ನ ಇಲ್ಲೇ ಇಟ್ಟಿರಿ, ಭಾಗ 6ರಲ್ಲಿ ಬೇಕಾಗುತ್ತೆ.

ಇನ್ನೊಂದು ಘಟನೆ. 1960ರ ಮಾರ್ಚ್ 21. ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಕರಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು ಅನ್ನೋದು ಅಧಿಕೃತ ಲೆಕ್ಕ. ಅದಾದ ಮೇಲೆ ಆರು ವರ್ಷದ ವಿಲಿಯಂ ಅಪ್ಪನ ಓದುವ ಕೋಣೆಯಲ್ಲಿ ಒಂದು ಹಳದಿ ಡಬ್ಬಿ ನೋಡಿದ. ಚಾಕೊಲೇಟ್ ಇರಬೇಕು ಅಂತ ಮುಚ್ಚಳ ತೆಗೆದ. ಒಳಗಿದ್ದದ್ದು ಗುಂಡೇಟು ತಿಂದವರ ಫೋಟೋಗಳು. ಅದು ಕೊಡ್ಯಾಕ್ ಡಬ್ಬಿ. ಕೇಸಿಗೆ ಬೇಕಾದ ದಾಖಲೆ.

ಇದನ್ನ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಕಾಗದ ಅಂದ್ರೆ ಬರೀ ಕಾಗದ ಅಲ್ಲ ಅನ್ನೋದು ಆ ಮನೆಯಲ್ಲಿ ಬೆಳೆದ ಹುಡುಗನಿಗೆ ಬೇಗ ಗೊತ್ತಾಗಿರಬೇಕು ಅಲ್ವಾ?

ಭಾಗ 5 | ಕಾಫಿ ಕುಡಿಯೋ ಸಾಹುಕಾರ

1989ರಿಂದ ಕೆಂಟ್ರಿಜ್ ಇದ್ದಿಲಿನಲ್ಲಿ ಅನಿಮೇಷನ್ ಸಿನಿಮಾ ಮಾಡೋಕೆ ಶುರು ಮಾಡಿದ್ರು. ವಿಧಾನ ಸರಳ, ಆದರೆ ತಾಳ್ಮೆ ಬೇಕು. ಒಂದೇ ದೊಡ್ಡ ಹಾಳೆ. ಚಿತ್ರ ಬಿಡಿಸು, ಫೋಟೋ ತೆಗಿ. ಸ್ವಲ್ಪ ಅಳಿಸು, ಮತ್ತೆ ಬಿಡಿಸು, ಮತ್ತೆ ಫೋಟೋ. ಇದ್ದಿಲು ಪೂರ್ತಿ ಅಳಿಯಲ್ಲ ಅಂತ ನಿಮಗೆ ಗೊತ್ತೇ ಇದೆ, ಒಂದು ಬೂದು ನೆರಳು ಉಳಿಯುತ್ತೆ. ಹಾಗಾಗಿ ಅವರ ಸಿನಿಮಾದಲ್ಲಿ ನಡೆದು ಹೋದವನ ಹಿಂದೆ ಅವನ ಹಳೇ ಹೆಜ್ಜೆಗಳೂ ಮಸುಕಾಗಿ ಕಾಣ್ತವೆ.

1991ರ ‘ಮೈನ್’ ಅನ್ನೋ ಕಿರುಚಿತ್ರ ದಯವಿಟ್ಟು ನೋಡಿ. ಕೆಲವೇ ನಿಮಿಷದ್ದು. ಸೋಹೋ ಎಕ್‌ಸ್ಟೈನ್ ಅನ್ನೋ ಗಣಿ ಮಾಲೀಕ ಹಾಸಿಗೆಯಲ್ಲಿ ಕೂತು ತಿಂಡಿ ತಿಂತಿದ್ದಾನೆ. ಕಾಫಿ ಮಾಡೋ ಗಾಜಿನ ಜಗ್ ಇದೆಯಲ್ಲ, ಮೇಲಿನಿಂದ ಒತ್ತೋದು, ಅದನ್ನ ಒತ್ತುತ್ತಾನೆ. ಒತ್ತಿದ ಹಿಡಿ ನಿಲ್ಲೋದೇ ಇಲ್ಲ. ತಟ್ಟೆ ದಾಟಿ, ಹಾಸಿಗೆ ದಾಟಿ, ನೆಲ ಕೊರೆದು ಇಳಿಯುತ್ತೆ. ಅದೇ ಗಣಿಯ ಶಾಫ್ಟ್ ಆಗುತ್ತೆ. ಕೆಳಗೆ ಸಾಲಾಗಿ ಒತ್ತೊತ್ತಾಗಿ ಮಲಗಿರೋ ಕಾರ್ಮಿಕರು, ಸ್ನಾನದ ಮನೆ, ಕಲ್ಲು ಕೊರೆಯೋರು. ಕೊನೆಗೆ ಗುಲಾಮರನ್ನ ಸಾಗಿಸ್ತಿದ್ದ ಹಡಗಿನ ನಕ್ಷೆ. ಮೇಲೆ ಸಾಹುಕಾರನ ಹಾಸಿಗೆ ಸ್ವಲ್ಪ ಹೊತ್ತಲ್ಲಿ ಆಫೀಸ್ ಮೇಜಾಗುತ್ತೆ, ಅದರ ಮೇಲಿನ ಲೆಕ್ಕದ ಯಂತ್ರದಿಂದ ಗಣಿಯ ಜನ ಹೊರಬರ್ತಾರೆ.

ಒಂದೂ ಮಾತಿಲ್ಲ. ಆ ಬೆಳಗಿನ ಕಾಫಿಗೂ ಆ ಕತ್ತಲೆಗೂ ನಡುವೆ ಇರೋ ದೂರ ಎಷ್ಟು ಅಂತ ಅಳತೆ ಮಾಡಿ ತೋರಿಸ್ತಾರೆ, ಅಷ್ಟೇ.

ಈ ಸೋಹೋಗೆ ಸದಾ ಪಟ್ಟೆಪಟ್ಟೆ ಸೂಟು. ಆ ರೂಪ ಬಂದದ್ದು ಕೆಂಟ್ರಿಜ್ ಅವರ ಸ್ವಂತ ತಾತನ ಫೋಟೋದಿಂದ. ಸಮುದ್ರದ ದಂಡೆಯಲ್ಲೂ ಸೂಟು ಬಿಚ್ಚದೆ ಕೂತಿದ್ದ ತಾತ. ದುಷ್ಟನ ಪಾತ್ರಕ್ಕೆ ಬೇರೆಯವರ ಮುಖ ಹುಡುಕೋದು ಸುಲಭ. ಇವರು ಮನೆಯ ಆಲ್ಬಮ್ ತೆಗೆದರು.

ಭಾಗ 6 | ಹರಿದು ಅಂಟಿಸಿದ ಮರ

ಈಗ ಅಂಟಿಸೋ ಕಥೆ. ‘ಕೊಲಾಜ್’ ಅನ್ನೋ ಪದ ಬಂದದ್ದೇ ಫ್ರೆಂಚಿನಲ್ಲಿ ಅಂಟು ಹಚ್ಚೋದಕ್ಕೆ ಇರೋ ಪದದಿಂದ. 1912ರಲ್ಲಿ ಪ್ಯಾರಿಸ್‌ನಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆ ತುಂಡನ್ನ ಚಿತ್ರಕ್ಕೆ ಅಂಟಿಸಿ, ಸುತ್ತ ನಿಜವಾದ ಹಗ್ಗ ಕಟ್ಟಿದರು. ಅದೇ ವರ್ಷ ಬ್ರಾಕ್ ಮರದ ವಿನ್ಯಾಸದ ಗೋಡೆ ಕಾಗದ ಕತ್ತರಿಸಿ ಅಂಟಿಸಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್‌ನಲ್ಲಿ ಹಾನಾ ಹೋಹ್ ಪತ್ರಿಕೆಗಳ ಫೋಟೋ ಕತ್ತರಿಸಿ, ರಾಜಕಾರಣಿಗಳ ತಲೆಯನ್ನ ಎಲ್ಲೆಲ್ಲೋ ಕೂರಿಸಿದರು. ಇವತ್ತಿನ ಮೀಮ್ ಪೇಜಿನವರಿಗೆ ಆಕೆ ಮುತ್ತಜ್ಜಿ ಅನ್ನಬಹುದು.

ಅಲ್ಲಿಂದ ಕಾಗದಕ್ಕೆ ಹೊಸ ಬೆಲೆ ಬಂತು. ಅಂಟಿಸಿದ ತುಂಡು ತನ್ನ ಹಳೇ ಕೆಲಸವನ್ನ ಮರೆಯಲ್ಲ. ಪತ್ರಿಕೆಯ ತುಂಡು ಸುದ್ದಿಯಾಗೇ ಇರುತ್ತೆ, ಲೆಡ್ಜರ್ ತುಂಡು ಲೆಕ್ಕವಾಗೇ ಇರುತ್ತೆ.

ಕೆಂಟ್ರಿಜ್ ದೊಡ್ಡ ದೊಡ್ಡ ಮರಗಳನ್ನ ಇಂಡಿಯನ್ ಇಂಕಿನಲ್ಲಿ ಬಿಡಿಸ್ತಾರೆ. ಆದರೆ ಒಂದು ಹಾಳೆ ಮೇಲಲ್ಲ. ಹಳೇ ನಿಘಂಟು, ವಿಶ್ವಕೋಶ, ಲೆಕ್ಕದ ಪುಸ್ತಕಗಳ ಪುಟಗಳ ಮೇಲೆ ಬಿಡಿ ಬಿಡಿಯಾಗಿ. ಆಮೇಲೆ ಆ ತುಂಡುಗಳನ್ನ ಜೋಡಿಸಿ ಅಂಟಿಸ್ತಾ ಹೋಗ್ತಾರೆ. ಒಂದು ಕೊಂಬೆ ಒಂದು ಪುಟದಿಂದ ಇನ್ನೊಂದಕ್ಕೆ ಹಾಯುವಾಗ ಪೂರ್ತಿ ಕೂಡಿಕೊಳ್ಳಲ್ಲ. ಆ ಸಣ್ಣ ಬಿರುಕು ಹಾಗೇ ಇರುತ್ತೆ. ಕೆಟ್ಟುಹೋದ, ಕೂದಲು ಚೆದುರಿದ ಕುಂಚವನ್ನೂ ಬಳಸ್ತಾರೆ, ಎಲೆಗೆ ಅದೇ ಸರಿ.

2013ರಲ್ಲಿ ಇಂಥದ್ದೇ ಒಂದು ಮರವನ್ನ ಲಿಥೋಗ್ರಾಫ್ ಆಗಿ ಮುದ್ರಿಸಿದರು. 63 ತುಂಡುಗಳ ಮರ. ಹೆಸರು ‘ರಿಮೆಂಬರಿಂಗ್ ದ ಟ್ರೀಸನ್ ಟ್ರಯಲ್’. ನೆನಪಾಯ್ತಲ್ಲ? ಮಗುವಿನ ಕಿವಿಯಲ್ಲಿ ತಪ್ಪಾಗಿ ಕೇಳಿಸಿದ ಮರ, ಐವತ್ತು ವರ್ಷ ದಾಟಿದ ಮೇಲೆ ತುಂಡು ತುಂಡಾಗಿ ಎದ್ದು ನಿಂತಿತು.

ಕನ್ನಡದವರಿಗೆ ಇನ್ನೊಂದು ಖುಷಿ ಇದೆ. ಇಂಡಿಯನ್ ಇಂಕ್ ಅಂದ್ರೆ ಮೂಲದಲ್ಲಿ ದೀಪದ ಹೊಗೆಯ ಕರಿ, ಅದಕ್ಕೆ ಅಂಟು. ನಮ್ಮಲ್ಲಿ ಪಾತ್ರೆ ತಳಕ್ಕೆ ಹಿಡಿಯೋದೂ ಮಸಿ, ಮಸಿಕುಡಿಕೆಯಲ್ಲಿ ಇರೋದೂ ಮಸಿ. ಎರಡಕ್ಕೂ ಒಂದೇ ಪದ ಇಟ್ಕೊಂಡ ಹಿರಿಯರಿಗೆ ಇಂಕು ಎಲ್ಲಿಂದ ಬರುತ್ತೆ ಅಂತ ಚೆನ್ನಾಗಿ ಗೊತ್ತಿತ್ತು.

ಭಾಗ 7 | ಹೆಸರಿಲ್ಲದ ಸಾಲು

ಗಣಿಯ ಪುಸ್ತಕದಲ್ಲಿ ಬಿಟ್ಟುಹೋದದ್ದು ಒಂದು ಕಂಪನಿಯ ವಿಷಯ ಅಂದ್ಕೋಬೇಡಿ. ಸರ್ಕಾರಗಳೂ ಅದನ್ನೇ ಮಾಡಿವೆ.

2018ರಲ್ಲಿ ಕೆಂಟ್ರಿಜ್ ಲಂಡನ್‌ನ ಟೇಟ್ ಮಾಡರ್ನ್‌ನಲ್ಲಿ ‘ದ ಹೆಡ್ ಅಂಡ್ ದ ಲೋಡ್’ ಅನ್ನೋ ಪ್ರಯೋಗ ಮಾಡಿದರು. ಸಂಗೀತ, ನೃತ್ಯ, ನೆರಳು, ಚಿತ್ರ ಎಲ್ಲ ಸೇರಿದ್ದು. ವಿಷಯ ಮೊದಲ ಮಹಾಯುದ್ಧದಲ್ಲಿ ಆಫ್ರಿಕಾದ ನೆಲದಲ್ಲಿ ಹೊರೆ ಹೊತ್ತವರು. ಪೂರ್ವ ಆಫ್ರಿಕಾದ ಯುದ್ಧದಲ್ಲಿ ರಸ್ತೆ ಇಲ್ಲ, ಎತ್ತು-ಕುದುರೆಗಳಿಗೆ ನೊಣದ ರೋಗ. ಹಾಗಾಗಿ ಮದ್ದುಗುಂಡು, ಆಹಾರ ಎಲ್ಲ ಮನುಷ್ಯರ ತಲೆ ಮೇಲೆ. ಲಕ್ಷಾಂತರ ಜನ ಹೊತ್ತರು. ಹಸಿವು, ರೋಗ, ಸುಸ್ತಿನಿಂದ ಸತ್ತವರೇ ಹೆಚ್ಚು.

ಸತ್ತವರ ಹೆಸರೆಲ್ಲಿ? 2021ರಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಒಂದು ವರದಿ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಪರ ಸತ್ತವರಲ್ಲಿ ಕನಿಷ್ಠ 1,16,000 ಜನರಿಗೆ, ಬಹುಶಃ 3,50,000ದಷ್ಟು ಜನರಿಗೆ, ಹೆಸರಿನ ಸ್ಮಾರಕ ಇಲ್ಲ, ಕೆಲವರಿಗೆ ಸ್ಮಾರಕವೇ ಇಲ್ಲ ಅಂತ ಅದೇ ಆಯೋಗ ಒಪ್ಪಿಕೊಂಡಿತು. ಅವರಲ್ಲಿ ಬಹುಪಾಲು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರ ನೋಡಿದ್ರಾ? ಎರಡು ಲಕ್ಷಕ್ಕಿಂತ ಜಾಸ್ತಿ ಮನುಷ್ಯರು ‘ಅಂದಾಜು’ ಅನ್ನೋ ಪದದೊಳಗಿದ್ದಾರೆ.

ನಮ್ಮ ಆಡಿಟಿಂಗ್ ಪೇಪರಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಬಂದ್ರೆ ಸರ್ ಸುಮ್ನೆ ಬಿಡ್ತಾರಾ?

ಭಾಗ 8 | ನಮ್ಮ ದಿಬ್ಬ, ನಮ್ಮ ಕಡತ

ಜೋಹಾನ್ಸ್‌ಬರ್ಗ್‌ನ ಹಳದಿ ದಿಬ್ಬಗಳು ಗುಡ್ಡ ಅಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಹೊಸ ತಂತ್ರಜ್ಞಾನ ಬಂದ ಮೇಲೆ ಆ ಪುಡಿಯನ್ನೇ ಮತ್ತೆ ಸೋಸಿ ಚಿನ್ನ ತೆಗೀತಿದ್ದಾರೆ. ದಿಬ್ಬಗಳು ಒಂದೊಂದಾಗಿ ಕರಗ್ತಿವೆ. ಊರಿನ ನೆಲವೇ ಅಳಿಸಿ ಬಿಡಿಸೋ ಚಿತ್ರ ಆಗಿಬಿಟ್ಟಿದೆ.

ಅಂಥ ದಿಬ್ಬ ನೋಡೋಕೆ ನಾವು ಅಷ್ಟು ದೂರ ಹೋಗಬೇಕಿಲ್ಲ. ಕೋಲಾರದ ಕೆಜಿಎಫ್‌ಗೆ ಹೋಗಿ. ಯಶ್ ಸಿನಿಮಾದ ಸೆಟ್ ಹಾಕಿದ್ದು ಅಲ್ಲಿನ ಸೈನೈಡ್ ದಿಬ್ಬಗಳ ಮೇಲೇ. ಅಲ್ಲೂ ಬ್ರಿಟಿಷ್ ಕಂಪನಿ, ಜಾನ್ ಟೇಲರ್ ಅಂಡ್ ಸನ್ಸ್. ಅಲ್ಲೂ ಸೈನೈಡ್ ಬಳಸಿ ಚಿನ್ನ ಬಿಡಿಸೋದು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಅಲ್ಲಿಗೇ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವರು ಹೆಚ್ಚಿನವರು ತಮಿಳು, ತೆಲುಗು ನಾಡಿನ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದಿಬ್ಬ ಉಳೀತು. ಗಾಳಿ ಬೀಸಿದ್ರೆ ಧೂಳು ಮನೆಯೊಳಗೆ.

ನಮ್ಮಲ್ಲೂ ಲೆಕ್ಕದ ಮೇಲೆ ಇದ್ದಿಲಿನ ಸಂಬಂಧ ಹಳೇದು. ಇವತ್ತು ಆಫೀಸಿನ ಫೈಲಿಗೆ ‘ಕಡತ’ ಅಂತೀವಲ್ಲ, ಅದು ಮೂಲದಲ್ಲಿ ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೀತಿದ್ರು. ವ್ಯಾಪಾರಿಗಳ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ದಾಖಲೆ ಎಲ್ಲ ಅದರಲ್ಲೇ. ಬೇಕಾದಾಗ ಅಳಿಸಿ ಮತ್ತೆ ಬರೀಬಹುದು. ಕೆಂಟ್ರಿಜ್ ಕೈಗೆ ಒಂದು ಕಡತ ಸಿಕ್ಕಿದ್ರೆ ಏನ್ಮಾಡ್ತಿದ್ರೋ!

ಒಂದು ತಕರಾರನ್ನೂ ಹೇಳಿಬಿಡ್ತೀನಿ. ಈ ಚಿತ್ರಗಳು ದೊಡ್ಡ ಮ್ಯೂಸಿಯಂಗಳಲ್ಲಿವೆ, ದೊಡ್ಡ ಬೆಲೆಗೆ ಹೋಗ್ತವೆ. ಬಿಡಿಸಿದವರು ಬಿಳಿಯರು, ಅನುಕೂಲಸ್ಥ ಮನೆಯವರು. ಗಣಿಯಲ್ಲಿ ದುಡಿದವನ ಹೆಸರು ಚಿತ್ರದಲ್ಲೂ ಇಲ್ಲ. ಹಾಗಾದ್ರೆ ಏನು ಪ್ರಯೋಜನ ಅಂತ ನೀವು ಕೇಳಬಹುದು, ಕೇಳಲೇಬೇಕು. ನನಗೆ ಅನ್ನಿಸೋದು ಇಷ್ಟು. ಚಿತ್ರ ಹೆಸರನ್ನ ವಾಪಸ್ ತರಲ್ಲ. ಅದು ಇತಿಹಾಸ ಬರೆಯೋರ ಕೆಲಸ, ಮಾರಿಸ್ ಥರ ಎಂಟ್ರಿ ಎಂಟ್ರಿ ಓದೋರ ಕೆಲಸ. ಚಿತ್ರ ಮಾಡೋದು ಅದಕ್ಕೂ ಮುಂಚಿನ ಕೆಲಸ: ತಾಳೆಯಾಗಿದೆ ಅಂತ ಮುಚ್ಚಿಟ್ಟ ಪುಸ್ತಕವನ್ನ ಮತ್ತೆ ತೆರೆಸೋದು. ಖಾಲಿ ಹಾಳೆ ಮೇಲೆ ಅದೇ ಬಯಲು ಬಿಡಿಸಿದ್ರೆ ಅದೊಂದು ಬಯಲು. ಕಂಪನಿಯ ಲೆಕ್ಕದ ಮೇಲೆ ಬಿಡಿಸಿದಾಗ ಆ ಬಯಲು ಎಂಟ್ರಿ ಆಗದೇ ಉಳಿದ ಬಾಕಿ.

ಈಗ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲೋ ತಾತನ ಅಂಗಡಿಯಲ್ಲೋ ಹಳೇ ಲೆಕ್ಕದ ಪುಸ್ತಕ ಇದ್ರೆ, ಗುಜರಿಗೆ ಹಾಕೋ ಮುಂಚೆ ಒಂದು ಪುಟ ಪೂರ್ತಿ ಓದಿ. ಕೂಲಿ ಅಂತ ಬರೆದ ಸಾಲು ಹುಡುಕಿ. ಅದರ ಮುಂದೆ ಹೆಸರಿದೆಯಾ, ಬರೀ ಮೊತ್ತ ಇದೆಯಾ ನೋಡಿ. ಮನೆಯ ಹಿರಿಯರು ಇನ್ನೂ ಇದ್ದಾರೆ ಅಂದ್ರೆ ಆ ಸಾಲು ಯಾರದು ಅಂತ ಕೇಳಿ. ಅವರಿಗೆ ನೆನಪಿರಬಹುದು.

ಹೆಸರು ಇತ್ತೋ ಇಲ್ವೋ, ಅಷ್ಟು ಮಾತ್ರ ಕಾಮೆಂಟಲ್ಲಿ ತಿಳಿಸಿ.

#ಒಂದುಚಿತ್ರಒಂದುಚರಿತ್ರೆ #ಕ್ಯಾಶ್‌ಬುಕ್‌ಮೇಲೆಮಸಿ #ಕನ್ನಡದಲ್ಲಿಕಲೆ